ಹೆಸರಿಲ್ಲದ ಸಾಲು

ನಮ್ಮ ಬೆಟ್ಟದ ಮೇಲೆ ಕೇಬಲ್ ಕಾರು ಬಂದು ನಿಲ್ಲುವಲ್ಲಿ ನನ್ನ ತಂಗುಮನೆ ಇದೆ. ಅದರ ಬಾಗಿಲ ಪಕ್ಕದ ಮರದ ಪೆಟ್ಟಿಗೆಯಲ್ಲಿ ಒಂದು ಹಳದಿ ರಟ್ಟಿನ ಪುಸ್ತಕ, ದಾರ ಕಟ್ಟಿದ ಒಂದು ಪೆನ್ನು. ಏಣಿನ ದಾರಿ ಹಿಡಿಯುವವರು, ಅಂದರೆ ಬೆಟ್ಟದ ನೆತ್ತಿಯ ಅಂಚಿನ ಮೇಲೇ ನಡೆದುಹೋಗುವವರು, ಹೊರಡುವ ಮುಂಚೆ ಅದರಲ್ಲಿ ಬರೆಯಬೇಕು. ಹೊರಟ ಹೊತ್ತು, ಹೆಸರು, ಎಷ್ಟು ಜನ, ಎಲ್ಲಿಗೆ, ಫೋನ್ ನಂಬರು. ವಾಪಸ್ ಬಂದ ಮೇಲೆ ತಮ್ಮ ಸಾಲಿನ ಮೇಲೆ ಗೀಟು ಎಳೆಯಬೇಕು. ಸಂಜೆ ಐದಕ್ಕೆ, ಕೊನೆಯ ಕಾರು ಕೆಳಗಿಳಿಯುವ ಮೊದಲು, ನಾನು ಕನ್ನಡಕ ಹಾಕಿಕೊಂಡು ಪುಟದ ಮೇಲೆ ಬೆರಳಾಡಿಸುತ್ತೇನೆ. ಗೀಟು ಬೀಳದ ಸಾಲು ಕಂಡರೆ ಆ ನಂಬರಿಗೆ ಫೋನು. ಎತ್ತದಿದ್ದರೆ ರಕ್ಷಣಾ ತಂಡಕ್ಕೆ ಫೋನು.

ಬರೆಯಲು ಒಂದು ನಿಮಿಷವೂ ಬೇಡ. ಹೊರಗಿನಿಂದ ಬಂದವರೆಲ್ಲ ಬರೆಯುತ್ತಾರೆ. ಬರೆಯದವರು ನಮ್ಮೂರವರು.

ಚಳಿಗಾಲದಲ್ಲಿ ಸ್ಕೀ ಆಡಲು ಬರುವವರು, ಬೇಸಿಗೆಯಲ್ಲಿ ನಡೆಯಲು ಬರುವವರು, ಎಲ್ಲರೂ ನಮ್ಮ ಊರು ಹಿಂಟರ್‌ಕಾರ್‌ನಲ್ಲಿ 'ಅತಿಥಿಗಳು'. ಪುಸ್ತಕ ಇರುವುದು ಅತಿಥಿಗಳಿಗೆ ಅಂತ ನಮ್ಮವರ ತಲೆಯಲ್ಲಿ ಕೂತುಬಿಟ್ಟಿದೆ. ಕೆಳಗೆ ಊರ ಹೋಟೆಲಿನಲ್ಲಿ ನಮ್ಮವರು ಮಾತ್ರ ಕೂರುವ ಒಂದು ದೊಡ್ಡ ಮೇಜಿದೆ. ಊರವನೊಬ್ಬ ಪುಸ್ತಕದಲ್ಲಿ ಹೆಸರು ಬರೆದದ್ದು ಗೊತ್ತಾದರೆ, ಆ ಮೇಜಿನವರಿಗೆಲ್ಲ ಅವನು ಬಿಯರ್ ಕುಡಿಸಬೇಕು. ನಮ್ಮಪ್ಪನ ಕಾಲದಿಂದ ನಡೆದುಬಂದ ತಮಾಷೆ ಅದು. ನಾನೂ ಎಷ್ಟೋ ಸಲ ಕೆಳಗೆ ಹೋಗಿ ಚಾಡಿ ಹೇಳಿ ನಕ್ಕಿದ್ದೇನೆ. ನನ್ನ ಹೆಸರು ನೋಟ್‌ಬುರ್ಗಾ. ಊರಿಗೆಲ್ಲ ಬುರ್ಗಿ. ಬಾಯಿ ಸ್ವಲ್ಪ ಜೋರು ಅಂತ ಎಲ್ಲರಿಗೂ ಗೊತ್ತು.

ನನ್ನ ತಮ್ಮ ರೋಮೆಡ್. ಮೂವತ್ತೊಂದು ಚಳಿಗಾಲ ಈ ಇಳಿಜಾರುಗಳ ಮೇಲೆ ಹಿಮ ಸಮ ಮಾಡುವ ಯಂತ್ರ ಓಡಿಸಿದವನು. ಎಲ್ಲಿ ಗುಂಡಿ, ಎಲ್ಲಿ ಬಂಡೆ, ಹಿಮದ ಅಡಿಯಲ್ಲಿ ಹುಲ್ಲು ಯಾವ ಕಡೆಗೆ ಬಾಗಿದೆ, ಎಲ್ಲ ಅವನಿಗೆ ಬಾಯಿಪಾಠ. ಹೋದ ವರ್ಷ ಜುಲೈ ಹದಿನೆಂಟು, ಗುರುವಾರ, ಬೆಳಗಿನ ಮೊದಲ ಕಾರಿನಲ್ಲಿ ಮೇಲೆ ಬಂದ. ನನ್ನ ಅಡುಗೆಮನೆಯಲ್ಲಿ ನಿಂತೇ ಒಂದು ಲೋಟ ಮಜ್ಜಿಗೆ ಕುಡಿದ. ಎರಡು ತುಂಡು ರೈ ರೊಟ್ಟಿ ಜೇಬಿಗೆ ಹಾಕಿಕೊಂಡ.

"ಮೊಣಕಾಲು ಹೇಗಿದೆಯೋ?" ಅಂದೆ. ಈಸ್ಟರ್ ಹಬ್ಬಕ್ಕೆ ಮುಂಚೆ ಅದಕ್ಕೆ ಆಪರೇಷನ್ ಆಗಿತ್ತು.

"ಹಳೇ ಯಂತ್ರ ಅಕ್ಕ. ಶುರು ಆಗೋವರೆಗೂ ಗೊಣಗುತ್ತೆ, ಆಮೇಲೆ ಓಡುತ್ತೆ."

ಆಮೇಲೆ ಬಾಗಿಲ ಹತ್ತಿರ ನಮ್ಮಿಬ್ಬರ ನಡುವೆ ಇನ್ನೊಂದು ಮಾತಾಯಿತು. ಅದನ್ನು ನಾನು ಒಂದು ವರ್ಷ ಯಾರಿಗೂ ಹೇಳಲಿಲ್ಲ. ಮುಂದೆ ಹೇಳುತ್ತೇನೆ. ಅವನು ಹೋದ.

ಸಂಜೆ ಐದಕ್ಕೆ ಪುಸ್ತಕ ನೋಡಿದೆ. ಹೆಸರಿದ್ದ ಸಾಲುಗಳಿಗೆಲ್ಲ ಗೀಟು ಬಿದ್ದಿತ್ತು. ರೋಮೆಡ್ ಹೆಸರು ಇರಲಿಲ್ಲ, ಹಾಗಾಗಿ ಅವನ ಯೋಚನೆಯೂ ಬರಲಿಲ್ಲ. ಕಾಲುದಾರಿ ಹಿಡಿದು ಮನೆಗೆ ಇಳಿದಿರಬೇಕು ಅಂದುಕೊಂಡು ಬೀಗ ಹಾಕಿದೆ.

ಮಾರನೆಯ ದಿನ ಹನ್ನೆರಡಕ್ಕೆ ಅವನ ಹೆಂಡತಿ ವ್ರೋನಿ ಫೋನು ಮಾಡಿದಳು.

"ಬುರ್ಗಿ ಅಕ್ಕ, ನಮ್ಮ ಯಜಮಾನ್ರನ್ನ ಕೆಳಗೆ ಕಳಿಸಿ. ಹುಲ್ಲು ಕೊಯ್ದು ಬಿದ್ದಿದೆ, ಮಳೆ ಬರೋ ಹಾಗಿದೆ. ಅಕ್ಕನ ಮನೇಲಿ ಕೂತು ಉಂಡಿದ್ದು ಸಾಕು ಅನ್ನಿ."

"ಇಲ್ಲೆಲ್ಲಿದಾನೆ ವ್ರೋನಿ? ನಿನ್ನೇನೇ ಮನೆಗೆ ಬಂದಿರಬೇಕಲ್ಲ."

ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದು ಕೇಳಿಸಿತು.

"ನಿಮ್ಮಲ್ಲೇ ಮಲಗಿದ್ರು ಅಂದ್ಕೊಂಡಿದ್ದೆ ಅಕ್ಕ," ಅಂದಳು.

ನಾನು ಅವಳ ಮನೆಯಲ್ಲಿದ್ದಾನೆ ಅಂದುಕೊಂಡಿದ್ದೆ. ಅವಳು ನನ್ನ ಮನೆಯಲ್ಲಿದ್ದಾನೆ ಅಂದುಕೊಂಡಿದ್ದಳು. ಹೀಗೆ ಒಂದು ಪೂರ್ತಿ ದಿನ ಯಾರೂ ಅವನನ್ನು ಹುಡುಕಲಿಲ್ಲ.

ರಕ್ಷಣಾ ತಂಡದವರು ಅರ್ಧ ಗಂಟೆಯಲ್ಲಿ ಬಂದರು. ಅವರು ಮೊದಲು ಕೇಳಿದ ಪ್ರಶ್ನೆ, ಎಲ್ಲಿಗೆ ಹೋಗಿದ್ದರು? ನಾನು ಅಂದೆ, ಶಿಲುಬೆಯ ಕಡೆಗೆ. ಪ್ರತಿ ಬೇಸಿಗೆ ಏಣಿನ ದಕ್ಷಿಣದ ತುದಿಯಲ್ಲಿರುವ ಶಿಲುಬೆಯವರೆಗೆ ಹೋಗಿಬರುವುದು ಅವನ ಅಭ್ಯಾಸ. ಕೇಳದೆಯೇ ಗೊತ್ತು ಅಂದುಕೊಂಡಿದ್ದೆ. ಎಂಥ ಗೊತ್ತು, ಮಣ್ಣು. ನನ್ನ ಮಾತು ನಂಬಿ ಇಪ್ಪತ್ತು ಜನ ದಕ್ಷಿಣದ ಕಡೆ ಹುಡುಕಿದರು. ಹೆಲಿಕಾಪ್ಟರ್ ಅದೇ ಕಡೆ ಸುತ್ತಿ ಸುತ್ತಿ ಬಂತು. ಸಂಜೆಗೆ ಮೋಡ ಇಳಿದು ಎಲ್ಲರೂ ನಿಲ್ಲಿಸಬೇಕಾಯಿತು.

ಮೂರನೆಯ ದಿನ ಬೆಳಿಗ್ಗೆ ಪಕ್ಕದ ಕಣಿವೆಯ ಕುರಿ ಸಾಕುವ ಲಿಯೋನ್‌ಹಾರ್ಟ್ ಊರಿಗೆ ವಾಪಸ್ಸಾಗಿ ಸುದ್ದಿ ಕೇಳಿ ಫೋನು ಮಾಡಿದ. ಅವನ ಎರಡು ಕುರಿ ಏಣಿನ ಆಚೆ ಬದಿಗೆ, ಉತ್ತರದ ತಗ್ಗಿಗೆ ಇಳಿದುಬಿಟ್ಟಿದ್ದವಂತೆ. ಗುರುವಾರ ಹೋಗಿ ನೋಡಿಬರುತ್ತೇನೆ ಅಂತ ರೋಮೆಡ್ ಅವನಿಗೆ ಮಾತು ಕೊಟ್ಟಿದ್ದನಂತೆ. ಆ ತಗ್ಗಿನಲ್ಲಿ ಫೋನು ಸಿಗುವುದಿಲ್ಲ.

ನಲವತ್ತು ನಿಮಿಷದಲ್ಲಿ ಸಿಕ್ಕ. ಕಾಲಿನ ಮೇಲೆ ಕಲ್ಲು ಉರುಳಿ ಮೂಳೆ ಮುರಿದಿತ್ತು. ಕೆಂಪು ಜಾಕೆಟ್ಟನ್ನು ಊರುಗೋಲಿಗೆ ಕಟ್ಟಿ ಎರಡು ಕಲ್ಲಿನ ಮಧ್ಯೆ ನಿಲ್ಲಿಸಿದ್ದ. ತಾನು ಬರೀ ಅಂಗಿಯಲ್ಲಿದ್ದ. ತಂಡದ ಡಾಕ್ಟರಮ್ಮ ನನ್ನ ಕೈ ಹಿಡಿದು ಹೇಳಿದರು, "ಇವತ್ತು ಬೆಳಗಿನ ಜಾವದವರೆಗೂ ಬದುಕಿದ್ರು ಬುರ್ಗಿಯವರೇ."

ಅಂದರೆ ಶುಕ್ರವಾರ ಮಧ್ಯಾಹ್ನವಿಡೀ ಅವನಿಗೆ ಹೆಲಿಕಾಪ್ಟರ್ ಸದ್ದು ಕೇಳಿಸಿದೆ. ಏಣಿನ ಆಚೆ ಕಡೆಯಿಂದ.

ಈ ವರ್ಷ ಅದೇ ದಿನ ಅವನ ಮಗ ಕೊರ್ಬಿನಿಯನ್ ಮೊದಲ ಕಾರಿನಲ್ಲಿ ಮೇಲೆ ಬಂದ. ಇಪ್ಪತ್ತೇಳು ವರ್ಷದವನು, ಬಡಗಿ. ಬೆನ್ನ ಮೇಲೆ ಡ್ರಿಲ್ಲು, ಕಂಕುಳಲ್ಲಿ ಬಟ್ಟೆ ಸುತ್ತಿದ ಒಂದು ಮರದ ಫಲಕ. ಅಪ್ಪ ಸತ್ತ ಜಾಗದಲ್ಲಿ ಬಂಡೆಗೆ ಕೂರಿಸಲು ತಾನೇ ಕೆತ್ತಿದ್ದು. ನಮ್ಮಲ್ಲಿ ಬೆಟ್ಟದಲ್ಲಿ ಸತ್ತವರಿಗೆ ಹಾಗೆ ಮಾಡುತ್ತೇವೆ.

ಬ್ರೆಡ್ಡಿನ ಉಂಡೆ ಹಾಕಿದ ಸೂಪ್ ಕೊಟ್ಟೆ. ಮುಗಿಸಿ ಎದ್ದ. ಪೆಟ್ಟಿಗೆಯ ಮುಂದೆಯೇ ಹಾದು ಹೋದ.

"ಕೊರ್ಬಿ, ಪುಸ್ತಕ," ಅಂದೆ.

"ಎಲ್ಲಿಗೆ ಹೋಗ್ತೀನಿ ಅಂತ ನಿಮಗೆ ಗೊತ್ತಲ್ಲ ಅತ್ತೆ."

"ಅವತ್ತೂ ನನಗೆ ಗೊತ್ತಿತ್ತು. ಬರಿ."

"ನಾನೇನು ಅತಿಥಿನಾ? ಅಪ್ಪ ಇದರಲ್ಲಿ ಒಂದಕ್ಷರ ಬರೆದವರಲ್ಲ. ಅವರ ಫಲಕ ಹೊತ್ಕೊಂಡು ಹೋಗ್ತಾ ನಾನು ಬರೀಲಾ? ಮೇಜಿನವರು ಏನಂತಾರೆ?"

"ಮೇಜಿನವರು ಬೆಂಕಿ ಬಿದ್ದು ಹೋಗ್ಲಿ."

"ನೋಡಿ ಅತ್ತೆ, ಅಪ್ಪನ್ನ ಕೊಂದಿದ್ದು ಕಲ್ಲು. ಪುಸ್ತಕದಲ್ಲಿ ಹೆಸರು ಬರೆದಿದ್ರೆ ಕಲ್ಲು ನಿಂತುಬಿಡ್ತಿತ್ತಾ?"

ಕೈ ಒರೆಸಿಕೊಂಡು ಹೊರಗೆ ಬಂದೆ. ಹಳದಿ ಪುಸ್ತಕದ ಅಡಿಯಿಂದ ಹೋದ ವರ್ಷದ ಪುಸ್ತಕ ತೆಗೆದೆ. ತುಂಬಿದ ಪುಸ್ತಕಗಳು ರಕ್ಷಣಾ ತಂಡದ ಕಚೇರಿಗೆ ಹೋಗಬೇಕು. ಇದೊಂದನ್ನು ನಾನು ಕಳಿಸಿರಲಿಲ್ಲ. ಜುಲೈ ಹದಿನೆಂಟರ ಪುಟ ಬಿಡಿಸಿ ಅವನ ಮುಂದೆ ಹಿಡಿದೆ. ಬರೆದು ಗೀಟು ಎಳೆದ ಸಾಲುಗಳ ಮಧ್ಯೆ ಒಂದು ಸಾಲಿತ್ತು. ಹೊತ್ತಿನ ಜಾಗದಲ್ಲಿ 8.20 ಅಂತ ಬರೆದಿತ್ತು. ಹೆಸರಿನ ಜಾಗ ಖಾಲಿ. ಎಲ್ಲಿಗೆ ಅನ್ನುವ ಜಾಗ ಖಾಲಿ.

ಕೊರ್ಬಿನಿಯನ್ ಬಗ್ಗಿ ನೋಡಿದ. ರೋಮೆಡ್ ಎಂಟನ್ನು ಬರೆಯುವಾಗ ಒಂದು ಸೊನ್ನೆಯ ಮೇಲೆ ಇನ್ನೊಂದು ಸೊನ್ನೆ ಕೂರಿಸುತ್ತಿದ್ದ. ಯಂತ್ರದ ದಿನಚರಿ ತುಂಬಿ ತುಂಬಿ ಆದ ಅಭ್ಯಾಸ. ಮಗನಿಗೆ ಅದು ಗೊತ್ತಾಗದೆ ಇರುತ್ತದೆಯೇ?

"ಇದು ಅಪ್ಪನ ಕೈ," ಅಂದ.

"ಹೌದಪ್ಪ."

"ಬರೆಯೋಕೆ ಶುರು ಮಾಡಿದ್ರಾ? ಯಾಕೆ ನಿಲ್ಲಿಸಿದ್ರು?"

ಆಗ ಹೇಳಿದೆ. ಅವತ್ತು ರೋಮೆಡ್ ಮಜ್ಜಿಗೆ ಕುಡಿದು ಹೊರಗೆ ಹೋಗಿ, ಪೆಟ್ಟಿಗೆ ತೆರೆದು, ಪೆನ್ನು ಹಿಡಿದಿದ್ದ. ಮೊಣಕಾಲಿನ ಮೇಲೆ ಅವನಿಗೆ ನಂಬಿಕೆ ಇರಲಿಲ್ಲ ಅಂತ ಕಾಣುತ್ತದೆ. ಒಳಗೆ ಕೇಬಲ್ ಕಾರಿನಲ್ಲಿ ಕೆಲಸ ಮಾಡುವ ಊರಿನ ಇಬ್ಬರು ಹುಡುಗರು ಕಾಫಿ ಕುಡಿಯುತ್ತಿದ್ದರು. ನಾನು ಕಿಟಕಿಯಿಂದ ತಲೆ ಹಾಕಿ ಅವರಿಗೂ ಕೇಳುವ ಹಾಗೆ ಅಂದೆ, "ಏನ್ ಸ್ವಾಮಿ, ತಾವು ಯಾವೂರಿಂದ ಬಂದ್ರಿ? ರೂಮು ಸಿಕ್ತಾ?"

ಹುಡುಗರು ನಕ್ಕರು. ನನ್ನ ತಮ್ಮನ ಕಿವಿ ಕೆಂಪಾಯಿತು. ಪೆನ್ನು ಬಿಟ್ಟ. ಅದು ದಾರದಲ್ಲಿ ನೇತಾಡಿತು.

"ಸುಮ್ನಿರಕ್ಕ," ಅಂದ. "ಪೆನ್ನು ಬರೆಯುತ್ತಾ ಅಂತ ನೋಡ್ತಿದ್ದೆ."

ಕೈ ಬೀಸಿ ಹೋದ. ಅವನು ನನ್ನ ಜೊತೆ ಆಡಿದ ಕೊನೆಯ ಮಾತು ಅದು. ಸಂಜೆ ಐದಕ್ಕೆ ಅದೇ ಸಾಲಿನ ಮೇಲೆ ನನ್ನ ಬೆರಳು ಹಾದುಹೋಯಿತು. ಹೆಸರಿಲ್ಲ, ಕೆಟ್ಟ ಸಾಲು ಅಂತ ದಾಟಿಸಿಬಿಟ್ಟೆ.

"ಕಲ್ಲು ಅವನ ಕಾಲು ಮುರೀತು ಕೊರ್ಬಿ," ಅಂದೆ. "ಅಷ್ಟೇ ಆಗಿದ್ರೆ ಇವತ್ತು ಕುಂಟ್ಕೊಂಡು ಓಡಾಡ್ತಿದ್ದ. 'ಉತ್ತರದ ತಗ್ಗು' ಅಂತ ಎರಡು ಪದ ಈ ಜಾಗದಲ್ಲಿ ಇದ್ದಿದ್ರೆ, ಗುರುವಾರ ಸಂಜೆನೇ ಹೆಲಿಕಾಪ್ಟರ್ ಅವನ ತಲೆ ಮೇಲಿರ್ತಿತ್ತು. ಬರೀತಾ ಇದ್ದ. ನಾನು ಬಿಡಿಸಿದೆ."

ಅವನು ಬೈದಿದ್ದರೆ ಚೆನ್ನಾಗಿತ್ತು. ಬೆಂಚಿನ ಮೇಲೆ ಕೂತ. ಫಲಕ ತೊಡೆಯ ಮೇಲಿಟ್ಟುಕೊಂಡು ಏಣಿನ ಕಡೆ ನೋಡುತ್ತಿದ್ದ. ಎರಡನೆಯ ಕಾರು ಬಂತು, ಅತಿಥಿಗಳು ಇಳಿದರು. ಒಬ್ಬ ಹೆಂಗಸು, ಇಬ್ಬರು ಮಕ್ಕಳು. ಪುಸ್ತಕದಲ್ಲಿ ಬರೆದರು. ಚಿಕ್ಕವಳು ತನ್ನ ಹೆಸರು ತಾನೇ ಬರೆಯಬೇಕು ಅಂತ ಹಟ ಮಾಡಿದಳು. ಹೋದರು.

ಕೊನೆಗೆ ಕೇಳಿದ, "ಅಮ್ಮನಿಗೆ ಗೊತ್ತಾ?"

"ಇಲ್ಲ."

"ಹೇಳ್ಬೇಕು ಅತ್ತೆ ನೀವು."

"ಹೇಳ್ತೀನಿ. ನಿನ್ನನ್ನೂ ಇದೇ ಬಾಗಿಲಿಂದ ಹೆಸರಿಲ್ಲದೆ ಕಳಿಸಿ ಅವಳ ಮುಂದೆ ನಿಲ್ಲೋ ಶಕ್ತಿ ನನಗಿಲ್ಲ ಕಣೋ. ನನ್ನ ಮೇಲೆ ಸಿಟ್ಟಿದ್ರೆ ಇರ್ಲಿ. ಮಾತು ಬಿಟ್ರೂ ಸರಿ. ಬರೆದು ಹೋಗು."

ಅವನು ಎದ್ದ. ಪೆನ್ನು ಹಿಡಿದ. ಐದು ಜಾಗವನ್ನೂ ತುಂಬಿದ. ಎಲ್ಲಿಗೆ ಅನ್ನುವ ಕಡೆ 'ಉತ್ತರದ ತಗ್ಗು, ಲಿಯೋನ್‌ಹಾರ್ಟ್ ಬಂಡೆ ಹತ್ತಿರ ಕಾಯುತ್ತಾನೆ, ಮೂರಕ್ಕೆ ವಾಪಸ್' ಅಂತ ಬರೆದ. ಅಷ್ಟನ್ನು ಬರೆಯಲು ಜಾಗ ಸಾಲದೆ ಪುಟದ ಅಂಚಿಗೂ ಹೋಯಿತು. ಆಮೇಲೆ ನನ್ನ ಮುಖ ನೋಡದೆ ಹೊರಟುಹೋದ.

ಆ ದಿನ ನಾನು ಎರಡು ಸಲ ಸೂಪಿಗೆ ಉಪ್ಪು ಹಾಕಿದೆ. ಒಂದು ಗಂಟೆಗೆ ಏಣಿನ ಮೇಲೆ ಮೋಡ ಕಟ್ಟಿತು. ಎರಡೂವರೆಗೆ ದೂರದಲ್ಲಿ ಗುಡುಗಿತು. ಬಾಗಿಲಲ್ಲೇ ನಿಂತಿದ್ದೆ. ಮೂರಕ್ಕೆ ಹತ್ತು ನಿಮಿಷ ಇರುವಾಗ ಅವನ ನೀಲಿ ಟೋಪಿ ಕಂಡಿತು. ಹಿಂದೆ ಲಿಯೋನ್‌ಹಾರ್ಟ್.

ಕೊರ್ಬಿನಿಯನ್ ನೇರ ಪೆಟ್ಟಿಗೆಯ ಹತ್ತಿರ ಹೋಗಿ ತನ್ನ ಸಾಲಿನ ಮೇಲೆ ಗೀಟು ಎಳೆದ. ಆಮೇಲೆ ಹೋದ ವರ್ಷದ ಪುಸ್ತಕ ಕೇಳಿದ. ಕೊಟ್ಟೆ. 8.20ರ ಪಕ್ಕದಲ್ಲಿ ಅಪ್ಪನ ಹೆಸರು ಬರೆದ. ಎಷ್ಟು ಜನ, ಒಬ್ಬರು. ಎಲ್ಲಿಗೆ, ಉತ್ತರದ ತಗ್ಗು. ಮನೆಯ ಫೋನ್ ನಂಬರನ್ನೂ ಬರೆದ. ಪೆನ್ನು ಇನ್ನೂ ಕೈಯಲ್ಲಿತ್ತು. ಗೀಟು ಎಳೆಯಲು ಸಾಲಿನ ಮೇಲೆ ಬಂದು ನಿಂತಿತು. ಪುಸ್ತಕ ಮುಚ್ಚಿದ.

"ಇದಕ್ಕೆ ಎಳೆಯೋಕೆ ಆಗಲ್ಲ ಅತ್ತೆ," ಅಂದ. ನನ್ನ ಭುಜದ ಮೇಲೆ ತಲೆಯಿಟ್ಟು ಅತ್ತ. ನಾನೂ ಅತ್ತುಬಿಟ್ಟೆ.

ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ವ್ರೋನಿಗೆ ಎಲ್ಲ ಹೇಳಿದೆ. ಅವಳು ಇನ್ನೂ ನನ್ನ ಹತ್ತಿರ ಸರಿಯಾಗಿ ಮಾತಾಡುವುದಿಲ್ಲ. ಅದು ಅವಳ ಹಕ್ಕು, ನಾನು ಕಾಯುತ್ತೇನೆ. ಆದರೆ ಅವಳೇ ಹೋಟೆಲಿನ ಆ ದೊಡ್ಡ ಮೇಜಿಗೆ ಹೋಗಿ, ನಿಂತುಕೊಂಡೇ, ನಮ್ಮ ಗಂಡಸರಿಗೆಲ್ಲ ಒಂದು ಮಾತು ಹೇಳಿದಳಂತೆ. ಈಗ ನಿಯಮ ತಿರುಗಿದೆ. ಬರೆಯದೆ ಏಣು ಹತ್ತಿದ ಊರವನೇ ಮೇಜಿಗೆಲ್ಲ ಬಿಯರ್ ಕುಡಿಸಬೇಕು. ಈ ಬೇಸಿಗೆಯಲ್ಲಿ ಇಬ್ಬರು ಕುಡಿಸಿದ್ದಾರೆ.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಬೆಟ್ಟ ಯಾವುದೋ ನನಗೆ ಗೊತ್ತಿಲ್ಲ. ನೀವು ಅಲ್ಲೇ ಹುಟ್ಟಿದವರಿರಬಹುದು, ಕಣ್ಣು ಮುಚ್ಚಿ ನಡೆಯುವಷ್ಟು ದಾರಿ ಗೊತ್ತಿರಬಹುದು. ದಾರಿ ನಿಮಗೆ ಗೊತ್ತಿದ್ದರೆ ಸಾಲದು, ನೀವು ಯಾವ ದಾರಿಯಲ್ಲಿದ್ದೀರಿ ಅಂತ ಇನ್ನೊಬ್ಬರಿಗೂ ಗೊತ್ತಿರಬೇಕು. ಪುಸ್ತಕ ಇದ್ದರೆ ಬರೆಯಿರಿ. ಇಲ್ಲದಿದ್ದರೆ ಅಡುಗೆಮನೆಯ ಮೇಜಿನ ಮೇಲೆ ಒಂದು ಚೀಟಿ ಇಡಿ, ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸ್ ಅಂತ. ಮಧ್ಯದಲ್ಲಿ ದಾರಿ ಬದಲಾಯಿಸಿದರೆ, ಫೋನು ಸಿಗುವ ಜಾಗದಲ್ಲೇ ನಿಂತು ಹೇಳಿ. ಬರೆಯುವವರನ್ನು ಕಂಡು ನಗಬೇಡಿ. ನಾನು ನಕ್ಕೆ.

ಮತ್ತೆ, ಬಂದ ಮೇಲೆ ಮರೆಯದೆ ಗೀಟು ಎಳೆಯಿರಿ. ಸಂಜೆ ಐದಕ್ಕೆ ಕನ್ನಡಕ ಹಾಕಿಕೊಂಡು ಅದನ್ನೇ ಹುಡುಕುವ ಒಬ್ಬಳು ಇಲ್ಲಿದ್ದಾಳೆ.