ಹಸಿರು ದೀಪದ ಬಾಂಗ್

ನನ್ನ ಹತ್ತಿರ ಲೈಸನ್ಸ್ ಇತ್ತು, ಗಾಡಿ ಇರಲಿಲ್ಲ. ನನ್ನ ತಮ್ಮ ಯೂಸ್ಟೇಸನ ಹತ್ತಿರ ಗಾಡಿ ಇತ್ತು, ತಲೆ ಇರಲಿಲ್ಲ. ಸಾವಿರದ ಒಂಬೈನೂರ ಅರವತ್ತಮೂರರಲ್ಲಿ ನಮ್ಮ ಮನೆಯ ಜಗಳವೆಲ್ಲ ಇಷ್ಟೇ.

ಲೈಸನ್ಸ್ ನನಗೇನೂ ಪುಕ್ಕಟೆ ಸಿಕ್ಕಿದ್ದಲ್ಲ. ನಮ್ಮ ಶಾಲೆಯ ಹೆಡ್‌ಮಿಸ್ಟ್ರೆಸ್ ಹೆಲನ್ ಬಾಯಿಯವರ ಹಳೆಯ ಕಾರಿನಲ್ಲಿ ಕಲಿತು, ಎರಡು ಸಲ ಫೇಲಾಗಿ, ಮೂರನೆಯ ಸಲ ಪಾಸಾದೆ. ನಾನು ಪಾಸಾದ ತಿಂಗಳಲ್ಲೇ ಅವರು ಕಾರು ಮಾರಿಬಿಟ್ಟರು. ಎರಡಕ್ಕೂ ಸಂಬಂಧವಿಲ್ಲ ಎಂದು ಅವರು ಈಗಲೂ ಹೇಳುತ್ತಾರೆ. ಅಂದಿನಿಂದ ಎಂಟು ತಿಂಗಳು ಆ ಲೈಸನ್ಸ್ ನನ್ನ ಪರ್ಸಿನಲ್ಲಿ ಜಪಮಾಲೆಯ ಪಕ್ಕ ಸುಮ್ಮನೆ ಬಿದ್ದಿತ್ತು. ನನಗೆ ಗಾಡಿ ಬಿಡಬೇಕಿತ್ತು, ಬೇರೇನೂ ಬೇಡವಾಗಿತ್ತು. ಇಪ್ಪತ್ತೆಂಟು ವರ್ಷದ ಟೀಚರು ಇಷ್ಟು ಕೊರಗುವುದು ಗಂಡಿಗಾಗಿಯೇ ಇರಬೇಕು ಎಂದುಕೊಂಡ ಅಮ್ಮ ಪ್ರತಿ ಭಾನುವಾರ ಇಗರ್ಜಿಯಲ್ಲಿ ಒಂದು ಮೇಣದ ಬತ್ತಿ ಹಚ್ಚಿ ಬರುತ್ತಿದ್ದಳು.

ಗಾಡಿ ಎಂದರೆ ನಮ್ಮ ನೆರೆಮನೆಯ ಉಮರಬ್ಬನವರ ವ್ಯಾನು. ಅವರದು ಬಂದರಿನಲ್ಲಿ ಒಣಮೆಣಸಿನ ಸಗಟು ವ್ಯಾಪಾರ. ಘಟ್ಟದ ಮೇಲಿನ ಕಾಫಿ ತೋಟದ ದೊರೆಯೊಬ್ಬ ತನ್ನ ದೇಶಕ್ಕೆ ವಾಪಸು ಹೋಗುವಾಗ ಬಿಟ್ಟುಕೊಟ್ಟ ವ್ಯಾನು ಅದು. ಯೂಸ್ಟೇಸ್ ಅದರ ಡ್ರೈವರ್. ವ್ಯಾನಿನ ಜತೆಗೆ ಒಂದು ಇಂಗ್ಲಿಷ್ ಪುಸ್ತಕವೂ ಬಂದಿತ್ತು. ಪುಸ್ತಕ ಕಂಡರೆ ಯೂಸ್ಟೇಸ್ ಮಾರು ದೂರ ಓಡುವವನು, ಹಾಗಾಗಿ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಗಾಡಿ ಮುಟ್ಟಬಾರದು, ಗಾಡಿಯ ಬಗ್ಗೆ ಓದಬಹುದು! ಹಲಸಿನ ಹಣ್ಣು ಬಿಡಿಸಿ ಊರಿಗೆಲ್ಲ ಹಂಚಿ, ಕೈಗೆ ಮೇಣ ಮಾತ್ರ ಉಳಿಸಿಕೊಂಡ ಹಾಗಾಯಿತು ನನ್ನ ಪಾಡು.

ಶಾಲೆ ಬಿಟ್ಟ ಮೇಲೆ ಅವರ ಜಗಲಿಯಲ್ಲಿ ಪಾಠ. ಉಮರಬ್ಬನವರು ಆರಾಮಕುರ್ಚಿಯಲ್ಲಿ, ಯೂಸ್ಟೇಸ್ ಮೆಟ್ಟಿಲ ಮೇಲೆ, ಬಾಗಿಲ ಪರದೆಯ ಹಿಂದೆ ಮನೆಯ ಹೆಂಗಸರು. ಉಮರಬ್ಬನವರ ತಾಯಿ ಅಲೀಮಮ್ಮನವರನ್ನು ಓಣಿಯವರೆಲ್ಲ ಉಮ್ಮ ಎಂದೇ ಕರೆಯುತ್ತಿದ್ದೆವು. ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳುತ್ತಿದ್ದವರು ಪರದೆಯ ಹಿಂದಿನ ಈ ಉಮ್ಮನೇ.

"ಹೊರಡುವ ಮೊದಲು ಕನ್ನಡಿ ನೋಡಿಕೊಳ್ಬೇಕು" ಎಂದು ಮೊದಲ ದಿನ ಓದಿ ಹೇಳಿದೆ.

ಮರುದಿನ ಬೆಳಿಗ್ಗೆ ಉಮರಬ್ಬನವರು ವ್ಯಾನು ಹತ್ತಿ, ಕನ್ನಡಿಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು, ಗಡ್ಡ ಬಾಚಿ, ಟೊಪ್ಪಿ ಸರಿಮಾಡಿ, "ಆಯ್ತು, ಬಿಡು" ಎಂದರಂತೆ. ದೊರೆಗಳು ಎಷ್ಟು ಶಿಸ್ತಿನವರು ನೋಡಿ, ಇದಕ್ಕೂ ಒಂದು ಕಾನೂನು ಮಾಡಿದ್ದಾರೆ ಎಂದು ಬಂದರಿನಲ್ಲೆಲ್ಲ ಹೊಗಳಿದರಂತೆ. ತಪ್ಪು ನನ್ನದೇ. ಹಿಂದೆ ಏನು ಬರುತ್ತಿದೆ ಎಂದು ನೋಡಲಿಕ್ಕೆ ಎಂದು ಬಿಡಿಸಿ ಹೇಳಬೇಕಿತ್ತು.

ಎರಡನೆಯ ದಿನ ದೀಪಗಳ ಪಾಠ. "ಕೆಂಪು ದೀಪ ಬ್ಯಾಟರಿಯದ್ದು, ಹಸಿರು ದೀಪ ಎಂಜಿನ್ ಎಣ್ಣೆಯದ್ದು. ಚಾವಿ ತಿರುಗಿಸಿದಾಗ ಎರಡೂ ಉರೀಬೇಕು. ಎಂಜಿನ್ ಸ್ಟಾರ್ಟ್ ಆದ ಮೇಲೆ ಎರಡೂ ಆರ್ಬೇಕು. ದಾರಿಯಲ್ಲಿ ಹಸಿರು ಉರಿದ್ರೆ ಕೂಡಲೇ ಗಾಡಿ ನಿಲ್ಲಿಸ್ಬೇಕು" ಎಂದೆ.

ಪರದೆ ಅಲುಗಾಡಿತು.

"ಹಸಿರು ಉರಿದ್ರೆ ನಿಲ್ಲಿಸುವುದಾ?" ಎಂದರು ಉಮ್ಮ. "ನೀನು ತಪ್ಪಿ ಓದಿದ್ದೀ ಡಾಲಿ. ಹಸಿರು ದರ್ಗಾದ ಬಣ್ಣ, ಬರ್ಕತ್ತಿನ ಬಣ್ಣ, ಒಳ್ಳೆಯದಾಗುವ ಬಣ್ಣ. ಹಸಿರು ಉರಿದ್ರೆ ನಿಲ್ಲಿಸ್ಲೇಬಾರದು ಅಂತ ಉಂಟು ಅದರಲ್ಲಿ. ಕನ್ನಡಕ ಹಾಕಿ ಸರಿಯಾಗಿ ನೋಡು."

ನನಗೆ ಕನ್ನಡಕವೇ ಇರಲಿಲ್ಲ. ವಾದ ಮಾಡಿ ಪ್ರಯೋಜನವೂ ಇರಲಿಲ್ಲ.

ಮೂರನೆಯ ದಿನದ ಪಾಠ ಯೂಸ್ಟೇಸನ ಮಾನ ತೆಗೆಯಿತು. ಸ್ಟೇರಿಂಗಿನ ಪಕ್ಕ ಒಂದು ಹಿಡಿಕೆ ಇತ್ತು; ಅದರ ಒಂದು ಕಡೆ 'ಕೋಲ್ಡ್', ಇನ್ನೊಂದು ಕಡೆ 'ಹಾಟ್'. ನಮ್ಮ ವ್ಯಾನಿನಲ್ಲಿ ತಣ್ಣನೆಯ ಗಾಳಿಯ ಮಿಷನ್ ಉಂಟು ಎಂದು ಅವನು ಆಗಲೇ ಕುದ್ರೋಳಿಯವರೆಗೆ ಸಾರಿಬಿಟ್ಟಿದ್ದ. ಪುಸ್ತಕ ಓದಿದರೆ ಅಲ್ಲಿರುವುದು ಹೀಟರ್ ಮಾತ್ರ. ಕೋಲ್ಡ್ ಎಂದರೆ ಹೀಟರ್ ಬಂದ್ ಎಂದಷ್ಟೇ ಅರ್ಥ.

"ಬಿಸಿಗಾಳಿಯಾ? ಮಂಗಳೂರಿನಲ್ಲಾ?" ಎಂದು ಉಮರಬ್ಬನವರು ಕುರ್ಚಿಯಿಂದ ಎದ್ದೇಬಿಟ್ಟರು. "ಅದು ಇಲ್ಲಿ ಧರ್ಮಕ್ಕೆ ಸಿಗ್ತದಲ್ಲಾ ಮಾರಾಯ!"

ಗುಡ್ಡ ಹತ್ತುವಾಗ ಎಂಜಿನ್ ವಿಪರೀತ ಕಾದರೆ ಹೀಟರನ್ನು ಪೂರ್ತಿ ಬಿಡಬೇಕು, ಆಗ ಎಂಜಿನ್ನಿನ ಶಾಖ ವ್ಯಾನಿನೊಳಗೆ ಬಂದು ಎಂಜಿನ್ ತಣಿಯುತ್ತದೆ ಎಂಬ ಒಂದು ಸಾಲೂ ಪುಸ್ತಕದಲ್ಲಿತ್ತು. ಅದನ್ನೂ ಓದಿದೆ. ಎಲ್ಲರೂ ನಗುತ್ತಿದ್ದುದರಿಂದ ಯಾರ ಕಿವಿಗೂ ಬೀಳಲಿಲ್ಲ.

ಮೇ ತಿಂಗಳಲ್ಲಿ ಉಮರಬ್ಬನವರ ಮಗ ಅಯ್ಯೂಬನ ಮದುವೆ ಬಂತು. ಹುಡುಗಿ ರಹ್ಮತ್, ಮನೆ ಅಡ್ಯಾರಿನಲ್ಲಿ. ಗಂಡಸರು ಬೆಳಿಗ್ಗೆಯೇ ಬಾಡಿಗೆ ಬಸ್ಸಿನಲ್ಲಿ ಹೊರಟುಹೋದರು; ಹೆಂಗಸರನ್ನು ಹೊರಡಿಸಲು ಉಮರಬ್ಬನವರು ಮಾತ್ರ ಹಿಂದೆ ಉಳಿದಿದ್ದರು. ಮದುಮಗಳಿಗೆ ಉಡಿಸುವ ಸೀರೆ, ತೊಡಿಸುವ ಆಭರಣ ಎಲ್ಲ ಹೆಂಗಸರ ಜತೆ ವ್ಯಾನಿನಲ್ಲಿ ಹೋಗಬೇಕು. ಮಧ್ಯಾಹ್ನದ ನಮಾಜಿನ ಒಳಗೆ ಮದುಮಗಳು ಸಿಂಗಾರವಾಗಿ ಕುಳಿತಿರಬೇಕು. ಒಳ್ಳೆಯ ಸೀರೆ ಉಟ್ಟು ನಾನೂ ಹೊರಟು ನಿಂತಿದ್ದೆ, ನೆರೆಮನೆಯವಳಾಗಿ.

ಆಗ ಉಮ್ಮ ಒಂದು ಕಸೂತಿ ಬಟ್ಟೆ ತಂದು ವ್ಯಾನಿನೊಳಗಿನ ಕನ್ನಡಿಗೆ ಮುಚ್ಚಿದರು.

"ಡ್ರೈವರ್ ಮುಂದೆ ನೋಡಿ ಗಾಡಿ ಬಿಡ್ಲಿ. ಹಿಂದೆ ಕೂತ ಹೆಂಗಸರನ್ನು ನೋಡ್ಲಿಕ್ಕೆ ಅವನಿಗೆ ಎಂತಕ್ಕೆ ಕನ್ನಡಿ?"

ಯೂಸ್ಟೇಸ್ ಚಾವಿಯನ್ನು ಜಗಲಿಯ ಮೇಲಿಟ್ಟ. ಹಿಂದಿನ ವಾರವೂ ಹೀಗೆ ಬಟ್ಟೆ ಮುಚ್ಚಿದ ಕನ್ನಡಿಯಲ್ಲಿ ರಿವರ್ಸ್ ಹೊಡೆದು ಅವನು ಓಣಿಯಲ್ಲಿ ಮೀನು ಮಾರುವ ಮುದ್ದುವಿನ ಒಣಮೀನಿನ ಬುಟ್ಟಿಗಳ ಮೇಲೆ ಹತ್ತಿಸಿದ್ದ. ಮೂರು ದಿನ ನಾವು ಅವನಿಗೆ ಅಂಗಳದಲ್ಲೇ ಊಟ ಹಾಕಿದ್ದೆವು.

"ಬಟ್ಟೆ ತೆಗೆಯದೆ ನಾನು ಗಾಡಿ ಮುಟ್ಟುವುದಿಲ್ಲ ಉಮ್ಮಾ."

"ಬಟ್ಟೆ ತೆಗೆದ್ರೆ ನಾನು ಗಾಡಿ ಹತ್ತುವುದಿಲ್ಲ. ಉಮರಬ್ಬಾ, ಸೋಮವಾರ ಇದನ್ನು ಮಾರಿಬಿಡು."

ಗಂಟೆ ಹತ್ತಾಯಿತು. ಉಮರಬ್ಬನವರು ತಾಯಿಯ ಮುಖ ನೋಡಿದರು, ಡ್ರೈವರನ ಮುಖ ನೋಡಿದರು, ಕೊನೆಗೆ ಆಕಾಶ ನೋಡಿದರು. ನಾನು ಪರ್ಸು ತೆರೆದು ಲೈಸನ್ಸ್ ತೆಗೆದೆ.

"ಉಮ್ಮಾ, ಕನ್ನಡಿಯಲ್ಲಿ ಹೆಂಗಸು ನೋಡಿದ್ರೆ ಅಡ್ಡಿ ಉಂಟಾ?"

ಉಮ್ಮ ಲೈಸನ್ಸನ್ನು ತೆಗೆದುಕೊಂಡು ತಿರುಗಿಸಿ ಮುರುಗಿಸಿ ನೋಡಿದರು. "ಫೋಟೋದಲ್ಲಿ ಮುಖ ಎಂತ ಹೀಗೆ ಊದಿದೆ?"

"ಎರಡು ಸಲ ಫೇಲಾದ ಮೇಲೆ ತೆಗೆಸಿದ್ದು ಉಮ್ಮಾ."

ಅವರು ಕನ್ನಡಿಯ ಬಟ್ಟೆ ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಬಾಯಿ ಗಾಡಿ ಬಿಡುವುದಾ?" ಎಂದು, ಅಕ್ಕನಾದ ನನ್ನನ್ನು ಬಾಯಿ ಎಂದೇ ಕರೆಯುವ ಯೂಸ್ಟೇಸ್ ತಲೆಯ ಮೇಲೆ ಕೈ ಹೊತ್ತ. "ದೇವರೇ, ವ್ಯಾನಿನ ಬಾಗಿಲು ಕೂಡ ವಾಪಸು ಬರ್ಲಿಕ್ಕಿಲ್ಲ."

ಉಮರಬ್ಬನವರು ಚಾವಿ ನನ್ನ ಕೈಗಿಟ್ಟರು. "ಒಮ್ಮೆ ನೋಡುವ ಟೀಚರೇ. ಹೊತ್ತಿಗೆ ಸರಿಯಾಗಿ ಮುಟ್ಟಿಸಿದ್ರೆ ಇನ್ನು ಹೆಂಗಸರ ಸವಾರಿ ಎಲ್ಲ ನಿಮ್ಮದೇ. ಇಲ್ಲದಿದ್ರೆ ಸೋಮವಾರ ಗಾಡಿ ಹೋಯ್ತು."

ಹಿಂದೆ ಉಮರಬ್ಬನವರ ಹೆಂಡತಿ ಶರೀಫಾ, ಮಗಳು ನಾಝಿಮಾ, ಇಬ್ಬರು ಚಿಕ್ಕಮ್ಮಂದಿರು, ಸೀರೆಯ ಪೆಟ್ಟಿಗೆ. ಮುಂದೆ ನನ್ನ ಪಕ್ಕ ಉಮ್ಮ. ಇಬ್ಬರ ನಡುವೆ ಮುಚ್ಚಳ ಹಾಕಿದ ಎಂಜಿನ್. ಚಾವಿ ತಿರುಗಿಸಿದೆ. ಕೆಂಪು, ಹಸಿರು ಎರಡೂ ಉರಿದವು.

"ಬಿಸ್ಮಿಲ್ಲಾ, ಹಸಿರು ಬಂತು" ಎಂದರು ಉಮ್ಮ. ಎಂಜಿನ್ ಸ್ಟಾರ್ಟ್ ಆಗಿ ದೀಪಗಳು ಆರಿದವು. "ಅಯ್ಯೋ, ಆರಿಸಿಬಿಟ್ಟೆಯಾ!"

"ಆರಿಲ್ಲ ಉಮ್ಮಾ, ಕೆಲಸಕ್ಕೆ ಒಳಗೆ ಹೋಗಿದೆ."

ಆಮೇಲಿನದ್ದನ್ನು ಹೇಗೆ ಹೇಳಲಿ? ಹಂಪನಕಟ್ಟೆಯಲ್ಲಿ ಕೈ ಅಡ್ಡ ಹಿಡಿದಿದ್ದ ಪೊಲೀಸಿನವನು ನನ್ನನ್ನು ಕಂಡು ಕೈ ಇಳಿಸುವುದನ್ನೇ ಮರೆತ. ತರಕಾರಿ ಬುಟ್ಟಿ ಹೊತ್ತವಳೊಬ್ಬಳು ನಡುರಸ್ತೆಯಲ್ಲಿ ನಿಂತು ನಕ್ಕಳು. ನಾನೂ ನಕ್ಕೆ. ಹಾರ್ನ್ ಹೊಡೆಯಬೇಕಾದಲ್ಲಿ ಹೊಡೆದೆ, ಬೇಡವಾದಲ್ಲೂ ಹೊಡೆದೆ. ಕನ್ನಡಿಯಲ್ಲಿ ನಾಲ್ಕು ಮುಖಗಳು ಮುಸುಕು ಸರಿಸಿಕೊಂಡು, ಬಾಯಿ ತೆರೆದುಕೊಂಡು, ಕಿಟಕಿ ಪರದೆಯ ಸಂದಿನಿಂದ ಊರು ನೋಡುತ್ತಿದ್ದವು. ಅವರ ಹಿಂದಿನ ಗಾಜಿನಲ್ಲಿ ಒಂದು ಬಸ್ಸು ಚಿಕ್ಕದಾಗುತ್ತಾ ಹೋಗುತ್ತಿತ್ತು. ನಾನು ಒಂದು ಬಸ್ಸನ್ನು ಹಿಂದೆ ಹಾಕಿದ್ದೆ! ಅದು ನಿಂತ ಬಸ್ಸು ಎಂದು ನಾಝಿಮಾ ಆಮೇಲೆ ಹೇಳಿದಳು, ಇರಲಿ.

"ಗಳಿಗೆಗೊಮ್ಮೆ ಕನ್ನಡಿ ನೋಡ್ತೀಯಲ್ಲ" ಎಂದರು ಉಮ್ಮ. "ಮದುವೆ ಅಯ್ಯೂಬನಿಗಾ, ನಿನಗಾ?"

ಕಂಕನಾಡಿ ದಾಟಿತು. ಪಡೀಲಿನ ಏರು ಅರ್ಧ ಹತ್ತಿದ್ದೆವು. ಹಸಿರು ದೀಪ ಹತ್ತಿಕೊಂಡಿತು.

"ಬಂತು!" ಎಂದು ಉಮ್ಮ ಚಪ್ಪಾಳೆ ತಟ್ಟಿದರು. "ಶರೀಫಾ, ನೋಡು, ಮದುವೆಯ ದಾರಿಯಲ್ಲೇ ಬರ್ಕತ್ತು ಬಂತು!" ಹಿಂದೆ ಚಿಕ್ಕಮ್ಮಂದಿರು ಗಟ್ಟಿಯಾಗಿ ಸಲಾತ್ ಪ್ರಾರ್ಥನೆ ಹೇಳತೊಡಗಿದರು. ದಿನಾ ಬೆಳಿಗ್ಗೆ ಎಣ್ಣೆ ನೋಡಬೇಕು ಎಂದು ಪುಸ್ತಕದಲ್ಲಿ ಓದಿದವಳು ನಾನು. ಸಡಗರದಲ್ಲಿ ನೋಡಲು ಮರೆತವಳೂ ನಾನೇ. ವ್ಯಾನನ್ನು ಬದಿಗೆ ತಂದು, ಹ್ಯಾಂಡ್ ಬ್ರೇಕ್ ಎಳೆದು, ಎಂಜಿನ್ ನಿಲ್ಲಿಸಿದೆ.

"ಎಂತ ಮಾಡಿದೆ ಹುಡುಗೀ!" ಉಮ್ಮನ ದನಿ ಏರಿತು. "ಹಸಿರು ಬಂದಾಗ ಯಾರಾದ್ರೂ ನಿಲ್ಲಿಸ್ತಾರಾ? ಹೊತ್ತಾಯ್ತು, ಮದುಮಗಳು ಕಾಯ್ತಾಳೆ. ಬಿಡು, ಬಿಡು!"

ಇದರಲ್ಲೇ ಮುಂದೆ ಹೋದರೆ ಎಂಜಿನ್ ಕಚ್ಚಿಕೊಂಡು ನಿಲ್ಲುತ್ತದೆ, ಸೀರೆಯೂ ಇಲ್ಲ, ನಿಕಾಹವೂ ಇಲ್ಲ. ಆದರೆ ಎಣ್ಣೆ, ಒತ್ತಡ, ಪಂಪು ಎಂದು ಉಮ್ಮನಿಗೆ ಪಾಠ ಮಾಡುತ್ತಾ ಕೂರುವ ಹೊತ್ತೇ ಅದು? ಸಂಜೆ ಇಗರ್ಜಿಯ ಗಂಟೆ ಬಡಿದಾಗ ನನ್ನ ಅಮ್ಮ ಸಾರಿನ ಸೌಟನ್ನು ಹಾಗೇ ಬಿಟ್ಟು ಕೈಮುಗಿದು ನಿಲ್ಲುವುದು ನೆನಪಾಯಿತು.

"ಉಮ್ಮಾ, ಮಸೀದಿಯಿಂದ ನಮಾಜಿಗೆ ಕರೆಯುವ ಬಾಂಗ್ ಕೇಳಿದ್ರೆ ನೀವು ಎಂತ ಮಾಡ್ತೀರಿ?"

"ಎಂತ ಮಾಡುವುದು? ಕೈಯಲ್ಲಿದ್ದ ಕೆಲಸ ನಿಲ್ಲಿಸ್ತೇನೆ."

"ಹಸಿರು ದೀಪ ಈ ವ್ಯಾನಿನ ಬಾಂಗ್ ಉಮ್ಮಾ. ಅದು ಕರೆದ ಮೇಲೆ ನಿಲ್ಲಿಸ್ಬೇಕು."

ಉಮ್ಮ ದೀಪವನ್ನು ನೋಡಿದರು, ನನ್ನನ್ನು ನೋಡಿದರು. ತಲೆಯ ಮೇಲಿನ ಮುಸುಕನ್ನು ಸರಿಮಾಡಿಕೊಂಡರು.

"ಇದನ್ನು ಮೊದಲೇ ಹೇಳ್ಲಿಕ್ಕೆ ಎಂತ ಆಗಿತ್ತು ನಿನಗೆ? ಎಣ್ಣೆಯ ಸುದ್ದಿ ಹೇಳ್ತಾ ಕೂತಿದ್ದೆ ಅಷ್ಟು ದಿನ!" ಎಂದವರು ಹಿಂದೆ ತಿರುಗಿ ಗದರಿದರು. "ಗಲಾಟೆ ಮಾಡ್ಬೇಡಿ. ಅವಳಿಗೆ ಕೆಲಸ ಉಂಟು."

ಯೂಸ್ಟೇಸನ ಎಣ್ಣೆಯ ಡಬ್ಬಿ ಸೀಟಿನ ಕೆಳಗೇ ಇತ್ತು. ಮುಚ್ಚಳ ಎತ್ತಿ, ಸೀರೆಯ ಸೆರಗು ಕಟ್ಟಿ, ಪೂರ್ತಿ ಡಬ್ಬಿ ಸುರಿದೆ. ನಾಲ್ಕೂ ಹೆಂಗಸರು ಬಗ್ಗಿ ನೋಡಿದರು. ಮದುಮಗಳ ಮುಖ ನೋಡಲೂ ಅವರು ಅಷ್ಟು ಬಗ್ಗಲಿಕ್ಕಿಲ್ಲ. ಕೈ ಕರ್ರಗಾಗಿತ್ತು. ಒರೆಸಲು ಬಟ್ಟೆ ಹುಡುಕುತ್ತಿದ್ದಾಗ ಉಮ್ಮ ಸೊಂಟದಿಂದ ಆ ಕಸೂತಿ ಬಟ್ಟೆಯನ್ನೇ ಎಳೆದು ಕೊಟ್ಟರು.

"ಒರೆಸು. ಇನ್ನು ಇದು ಎಂತಕ್ಕೂ ಬೇಡ."

ಹಸಿರು ಆರಿತು. ಹೊರಟೆವು. ಆದರೆ ಏರು ಮುಗಿಯುವ ಮೊದಲೇ ಎಂಜಿನ್ನಿನ ಶಾಖ ತೋರಿಸುವ ಮುಳ್ಳು ಕೊನೆಗೆ ಹೋಗಿ ನಿಂತಿತು. ಇನ್ನೊಮ್ಮೆ ನಿಲ್ಲಿಸಿದರೆ ಹೊತ್ತು ಮೀರುತ್ತದೆ. ಯಾರೂ ಕೇಳದ ಆ ಸಾಲು ನನಗೆ ನೆನಪಿತ್ತು. "ಎಲ್ಲರೂ ನನ್ನನ್ನು ಕ್ಷಮಿಸಿ" ಎಂದು ಹಿಡಿಕೆಯನ್ನು 'ಹಾಟ್' ಕಡೆಗೆ ತಳ್ಳಿದೆ.

ಮೇ ತಿಂಗಳ ಹನ್ನೊಂದು ಗಂಟೆಯ ಬಿಸಿಲು, ಪರದೆ ಕಟ್ಟಿದ ವ್ಯಾನು, ರೇಷ್ಮೆ ಸೀರೆ, ಅದರ ಮೇಲೆ ಹೀಟರ್.

"ಡಾಲೀ!" ಎಂದು ಶರೀಫಾ ಕಿರುಚಿದಳು. "ನಾವು ಬಿರಿಯಾನಿ ತಿನ್ಲಿಕ್ಕೆ ಹೋಗುವುದಾ, ಬಿರಿಯಾನಿ ಆಗ್ಲಿಕ್ಕೆ ಹೋಗುವುದಾ?"

ನಾಝಿಮಾ ನಕ್ಕು ನಕ್ಕು ಪೆಟ್ಟಿಗೆಯ ಮೇಲೆ ಬಿದ್ದಳು. ಚಿಕ್ಕಮ್ಮಂದಿರು ಪುನಃ ಸಲಾತ್ ಹಿಡಿದರು, ಈ ಸಲ ಹೆದರಿಕೆಯಿಂದ. ಬೆವರು ನನ್ನ ಕಣ್ಣಿಗೆ ಇಳಿಯುತ್ತಿತ್ತು, ಮುಳ್ಳು ಮೆಲ್ಲ ಮೆಲ್ಲ ಕೆಳಗೆ ಇಳಿಯುತ್ತಿತ್ತು, ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ಗೊತ್ತಾಗಲಿಲ್ಲ. ಉಮ್ಮ ಮಾತ್ರ ಮಾತಾಡಲಿಲ್ಲ. ಪ್ರಜ್ಞೆ ತಪ್ಪಿತೋ ಎಂದು ಗಾಬರಿಯಾಗಿ ನೋಡಿದರೆ, ಎರಡೂ ಕಾಲನ್ನು ಬಿಸಿಗಾಳಿಯ ಬಾಯಿಗೆ ಚಾಚಿ, ಕಣ್ಣು ಮುಚ್ಚಿ ಕುಳಿತಿದ್ದರು.

"ಹನ್ನೆರಡು ವರ್ಷದ ಮೊಣಗಂಟು ನೋವು" ಎಂದರು ಕಣ್ಣು ತೆರೆಯದೆ. "ಎಷ್ಟು ಪಂಡಿತರ ತೈಲ ಹಾಕಿದ್ದೇನೆ. ಬಂದ್ ಮಾಡ್ಬೇಡ ಮಗಳೇ."

ಹನ್ನೊಂದೂವರೆಗೆ ಅಡ್ಯಾರು ಮುಟ್ಟಿದೆವು. ತೊಟ್ಟಿಕ್ಕುವ ಬೆವರಿನಲ್ಲಿ ಆರು ಜನ ಇಳಿದದ್ದನ್ನು ಕಂಡು, ವ್ಯಾನು ಹೊಳೆಗೆ ಬಿತ್ತೆಂದೇ ತಿಳಿದ ಹುಡುಗಿಯ ಕಡೆಯವರು ಟವೆಲು ಹಿಡಿದು ಓಡಿಬಂದರು. ಸೀರೆಯ ಪೆಟ್ಟಿಗೆ ಒಳಗೆ ಹೋಯಿತು. ನಮಾಜಿನ ಮೊದಲೇ ರಹ್ಮತ್ ಸಿಂಗಾರವಾಗಿ ಕುಳಿತಳು. ಬಿರಿಯಾನಿ ನಾನು ಎರಡು ಸಲ ಹಾಕಿಸಿಕೊಂಡೆ.

ಸಂಜೆ ಹೊರಡುವ ಹೊತ್ತಿಗೆ ಯೂಸ್ಟೇಸ್ ವ್ಯಾನಿನ ಹತ್ತಿರ ಬಂದ. ಬೆಳಿಗ್ಗೆ ಉಮರಬ್ಬನವರ ಜತೆ ಇನ್ನೊಂದು ಬಸ್ಸು ಹಿಡಿದು ಮದುವೆಗೆ ಬಂದಿದ್ದವನು ಅದರ ಸುತ್ತ ಎರಡು ಸುತ್ತು ಹಾಕಿ, ಎಲ್ಲ ಬಾಗಿಲೂ ಇದ್ದದ್ದನ್ನು ಎಣಿಸಿ, ಕೈ ಚಾಚಿದ.

"ಚಾವಿ ಕೊಡು ಬಾಯಿ."

ನಾನು ಉಮರಬ್ಬನವರ ಮುಖ ನೋಡಿದೆ. ಉಮರಬ್ಬನವರು ತಾಯಿಯ ಮುಖ ನೋಡಿದರು. ಉಮ್ಮ ಆಗಲೇ ಮುಂದಿನ ಸೀಟು ಹತ್ತಿ ಕಾಲು ಚಾಚಿಯಾಗಿತ್ತು.

"ಮೆಣಸು ನೀನು ಹೇರು ಯೂಸ್ಟೇಸ್. ಹೆಂಗಸರನ್ನು ಅವಳು ಕೊಂಡುಹೋಗ್ತಾಳೆ" ಎಂದರು. "ಡಾಲೀ, ಹೊರಡು. ಆ ಬಿಸಿಗಾಳಿ ಬಿಡು."

ಹಿಂದಿನಿಂದ ನಾಲ್ಕು ಗಂಟಲು ಒಟ್ಟಿಗೆ "ಬೇಡ" ಎಂದವು.

ಹೊರಡುವ ಮೊದಲು ಕನ್ನಡಿ ನೋಡಿಕೊಳ್ಳಬೇಕು. ನೋಡಿಕೊಂಡೆ, ಉಮರಬ್ಬನವರು ಅರ್ಥಮಾಡಿಕೊಂಡ ಹಾಗೆಯೇ, ನನ್ನ ಕಡೆಗೆ ತಿರುಗಿಸಿ. ಕೆನ್ನೆಯ ಮೇಲೆ ಎಣ್ಣೆಯ ಕಪ್ಪು ಗೆರೆ, ಹಣೆಗೆ ಅಂಟಿದ ಕೂದಲು, ಮದುವೆ ಮನೆಯವರು ಮುಡಿಸಿದ ಮಲ್ಲಿಗೆ ಕಿವಿಯ ಮೇಲೆ ಜೋತುಬಿದ್ದಿತ್ತು. ಮಂಗಳೂರಿನಲ್ಲಿ ಆ ದಿನ ಅಷ್ಟು ಚಂದದ ಡ್ರೈವರ್ ಇನ್ನೊಬ್ಬರು ಇರಲಿಲ್ಲ. ಆಮೇಲೆ ಕನ್ನಡಿಯನ್ನು ಹಿಂದಕ್ಕೆ ತಿರುಗಿಸಿ ಗೇರು ಹಾಕಿದೆ.