ಟ್ಯಾಬ್ಲೆಟ್ಟಿನ ಬೆನ್ನು

ದೊಡ್ಡ ಸೊಸೆಗೆ ಹೊಟ್ಟೆಕಿಚ್ಚು ಹತ್ತಿದ್ದು ಒಡವೆಗೋ ಮನೆಗೋ ಅಲ್ಲ, ನಾಲ್ಕು ಬೆರಳುದ್ದದ ಬಿಳಿ ಪ್ಲಾಸ್ಟರ್ ಪಟ್ಟಿಗೆ.

ಅವಳು ಡಿಸೈನರ್. ವಾರ್ಡಿನ ಡಾಕ್ಟರುಗಳಿಗೆಂದು ಆ್ಯಪ್ ಮಾಡುತ್ತ ಎಂಟು ತಿಂಗಳು ತಲೆ ಕೆಡಿಸಿಕೊಂಡಿದ್ದಳು. "ಮೊದಲು ಬಳಸೋರನ್ನ ನೋಡಿ, ಆಮೇಲೆ ಗೆರೆ ಎಳೀರಿ" ಎಂದು ಆಫೀಸಿಗೆಲ್ಲ ಪಾಠ ಹೇಳುತ್ತಿದ್ದವಳೂ ಅವಳೇ. ಇವತ್ತು ಕೊನೆಯ ಪರೀಕ್ಷೆ. ಹಿರಿಯ ಡಾಕ್ಟರು ಒಪ್ಪಿದರೆ ಆ್ಯಪ್ ಎಲ್ಲ ವಾರ್ಡಿಗೆ. ಇಲ್ಲವೆಂದರೆ ಎಂಟು ತಿಂಗಳ ದುಡಿಮೆ ಮಣ್ಣುಪಾಲು.

ಅದೇ ವಾರ್ಡಿನಲ್ಲಿ ಅವಳ ಓರಗಿತ್ತಿ ನರ್ಸು. ಮನೆಯಲ್ಲಿ ಅತ್ತೆಯದು ಮೂರು ಹೊತ್ತೂ ಚಿಕ್ಕ ಸೊಸೆಯದೇ ಜಪ, ಸಾಲದ್ದಕ್ಕೆ ಇಲ್ಲೂ ಅದೇ ಕತೆ. ಹಾಸಿಗೆಗೊಂದು ಆ್ಯಪ್ ಹಾಕಿದ ಟ್ಯಾಬ್ಲೆಟ್ ಇಟ್ಟಿದ್ದರೆ, ಡಾಕ್ಟರು ಪರದೆಯತ್ತ ಕಣ್ಣೂ ಹಾಯಿಸದೆ ಅದನ್ನು ಮಗುಚಿ ಬೆನ್ನು ಓದುತ್ತಿದ್ದರು. ಓರಗಿತ್ತಿ ಅಲ್ಲಿ ಪ್ಲಾಸ್ಟರ್ ಅಂಟಿಸಿ ದಿನಾ ಪೆನ್ನಿನಲ್ಲಿ ನಾಲ್ಕು ಸಾಲು ಬರೆಯುತ್ತಿದ್ದಳು: ಮೈಗೆ ಆಗದ ಔಷಧಿ, ಜ್ವರ, ಮೂತ್ರ, ನಿದ್ದೆ.

"ಇದು ಬಂದ್ಮೇಲೆ ರೌಂಡ್ಸ್ ಬೇಗ ಮುಗೀತಿದೆ ಕಣ್ರೀ" ಎಂದು ಡಾಕ್ಟರು ದೊಡ್ಡ ಸೊಸೆಯ ಎದುರೇ ಹೊಗಳಿದ್ದರು. ಆ್ಯಪನ್ನಲ್ಲ, ಪಟ್ಟಿಯನ್ನು. ಮೈಯೆಲ್ಲ ಉರಿದುಹೋಗಿತ್ತು ಅವಳಿಗೆ.

ಇವತ್ತಾದರೂ ಪರದೆ ನೋಡಲಿ ಎಂದು ರೌಂಡ್ಸಿಗೆ ಮೊದಲೇ ಬಂದು ಎಲ್ಲ ಪಟ್ಟಿಗಳನ್ನೂ ಕಿತ್ತು ಕೋಟಿನ ಜೇಬಿಗೆ ತುರುಕಿಕೊಂಡಳು. ಕೀಳುವಾಗ ಖುಷಿಯಾಯಿತು, ಸುಳ್ಳೇಕೆ.

ಮೊದಲನೇ ಹಾಸಿಗೆ. ಡಾಕ್ಟರು ಟ್ಯಾಬ್ಲೆಟ್ ಮಗುಚಿದರು, ಬೆನ್ನು ಬೋಳು. ಒಂದು ಕೈಯಲ್ಲಿ ಸ್ಟೆತಸ್ಕೋಪು ಹಿಡಿದು, ಇನ್ನೊಂದರಲ್ಲಿ ಪರದೆ ಒತ್ತಿದರು. ಒಂದು ಪುಟ, ಎರಡು, ಮೂರು. ತಾಳ್ಮೆ ಕೆಟ್ಟಿತು.

"ಹೋಗ್ಲಿ, ಮಾಮೂಲಿ ಇಂಜೆಕ್ಷನ್ನೇ ಕೊಡಿ ಸಿಸ್ಟರ್."

"ಬೇಡ ಸರ್, ಇವರಿಗೆ ಅದು ಆಗಲ್ಲ" ಎಂದಳು ಓರಗಿತ್ತಿ.

ಆ ಮಾತು ದೊಡ್ಡ ಸೊಸೆಯ ಆ್ಯಪಿನಲ್ಲಿ ಇದ್ದದ್ದು ಆರನೇ ಪುಟದಲ್ಲಿ.

"ಪಟ್ಟಿ ಎಲ್ಲಿ ಹೋಯ್ತು?" ಡಾಕ್ಟರು ಕೇಳಿದರು.

ಓರಗಿತ್ತಿಯ ಕಣ್ಣು ದೊಡ್ಡ ಸೊಸೆಯ ಕೋಟಿನ ಜೇಬಿನತ್ತ ಹೋಯಿತು. ಅಲ್ಲಿ ಬಿಳಿ ತುದಿಯೊಂದು ಇಣುಕುತ್ತಿತ್ತು.

"ಒರೆಸುವಾಗ ಕಿತ್ತು ಬಂದಿರ್ಬೇಕು ಸರ್. ಅದರಲ್ಲಿದ್ದದ್ದನ್ನೆಲ್ಲ ಅಕ್ಕ ಆ್ಯಪಿನ ಮೊದಲನೇ ಪುಟಕ್ಕೇ ತರ್ತಾರೆ."

"ಹಾಗಿದ್ರೆ ಇನ್ನೊಂದು ವಾರ ಕೊಡ್ತೀನಿ."

ಹೊರಗೆ ಬಂದಾಗ ದೊಡ್ಡ ಸೊಸೆ ಕೇಳಿದಳು, "ಯಾಕೆ ಸುಳ್ಳು ಹೇಳ್ದೆ?"

"ಎಂಟು ತಿಂಗಳು ನೀವು ಸರಿಯಾಗಿ ಊಟಾನೂ ಮಾಡಿಲ್ಲ ಅಕ್ಕ. ನಾನು ನೋಡಿಲ್ವಾ?"

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಒಳ್ಳೆಯತನದಲ್ಲೂ ಇವಳೇ ಮುಂದೆ. ದೊಡ್ಡ ಸೊಸೆ ಬೆಂಚಿನ ಮೇಲೆ ಕೂತು, ಮುದ್ದೆಯಾಗಿದ್ದ ಪಟ್ಟಿಗಳನ್ನು ಒಂದೊಂದಾಗಿ ಬಿಡಿಸಿ, ನೋಟ್‌ಬುಕ್ಕಿಗೆ ಅಂಟಿಸಿಕೊಂಡು, ಪಕ್ಕದಲ್ಲೇ ಹೊಸ ಮೊದಲನೇ ಪುಟಕ್ಕೆ ಗೆರೆ ಎಳೆದಳು.

ಹಾಳಾದವಳ ಅಕ್ಷರವೂ ದುಂಡಗಿತ್ತು.