ಮಾತು ಬರುವ ಪೆಟ್ಟಿಗೆ

ಪೇಂಟರು ಅಂಗಡಿಯೊಳಗೆ ಕಾಲಿಟ್ಟವನೇ ಜೇಬಿನಿಂದ ಹತ್ತಿ ತೆಗೆದು ಬಲಗಿವಿಗೆ ತುರುಕಿಕೊಂಡ. ಎಡಗಿವಿಗೆ ಹೆಬ್ಬೆರಳನ್ನು ಅರ್ಧ ಒತ್ತಿ ಹಿಡಿದು, "ಹೂಂ, ಈಗ ಒಂದೊಂದೇ ಹಾಕಿ ತೋರಿಸಿ" ಎಂದ.

ಅಂಗಡಿಯವನು ಕಣ್ಣು ಕಣ್ಣು ಬಿಟ್ಟ. ಸೌಂಡ್ ಸಿಸ್ಟಂ ಕೊಳ್ಳಲು ಕಿವಿ ಮುಚ್ಚಿಕೊಂಡು ಬಂದ ಗಿರಾಕಿಯನ್ನು ಅವನು ಅದುವರೆಗೆ ಕಂಡಿರಲಿಲ್ಲ.

"ಕಿವಿನೋವಾ ಸಾರ್?"

"ನನಗಲ್ಲ ಸ್ವಾಮಿ, ನನ್ನ ಹೆಂಡತಿಗೆ."

ಹುಚ್ಚು ಅನ್ನಬೇಡಿ, ಅವನ ಲೆಕ್ಕ ಅವನಿಗೆ. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಹೋದ ವರ್ಷ ಕೆಟ್ಟ ಜ್ವರ ಬಂದು ಅವಳ ಬಲಗಿವಿ ಪೂರ್ತಿ ಹೋಯಿತು, ಎಡಗಿವಿ ಅರ್ಧ ಉಳಿಯಿತು. ಉಳಿದದ್ದು ಹಾಗೇ ಇರುತ್ತದೆ, ಮಾತು ಸ್ಪಷ್ಟವಾಗಿದ್ದರೆ ಕೇಳಿಸುತ್ತದೆ ಎಂದು ಡಾಕ್ಟರು ಹೇಳಿದ್ದರು. ಅವಳು ನಂಬಿದರೆ ತಾನೇ! ಇದ್ದದ್ದೂ ದಿನಾ ಒಂದಿಷ್ಟು ಸೋರಿಹೋಗುತ್ತಿದೆ ಎಂದೇ ಅವಳ ಭಯ. ಮೊದಮೊದಲು ಟಿವಿ ಮುಂದೆ ಗಂಡನ ಮೊಣಕೈ ತಿವಿದು "ಏನಂದ?" ಎಂದು ಕೇಳುತ್ತಿದ್ದಳು. ಈಚೆಗೆ ಅದನ್ನೂ ಬಿಟ್ಟಿದ್ದಳು. ಫೋನ್ ಎತ್ತುತ್ತಿರಲಿಲ್ಲ. ಅಳತೆ ಕೊಡಲು ಬಂದವರನ್ನು ಬಾಗಿಲಲ್ಲೇ ಸಾಗಹಾಕುತ್ತಿದ್ದಳು.

ಗಂಡ ಹಟ ಹಿಡಿದು ಸ್ಪೀಕರ್ ತರುತ್ತೇನೆ ಎಂದಾಗ ಅವಳು ಒಂದೇ ಮಾತು ಹೇಳಿದ್ದಳು. "ಇದೇ ಕೊನೆ ರೀ. ಇದರಲ್ಲೂ ಕೇಳಿಸಲಿಲ್ಲ ಅಂದ್ರೆ ಇನ್ಮೇಲೆ ನನ್ನನ್ನ ನಾಲ್ಕು ಜನರ ಮಧ್ಯೆ ಕೂರಿಸಬೇಡಿ. ನನ್ನ ಪಾಡಿಗೆ ನನ್ನನ್ನ ಬಿಟ್ಬಿಡಿ." ಹೇಳಿದ್ದನ್ನು ಮಾಡಿಯೇ ತೀರುವ ಹೆಣ್ಣು ಅವಳು. ಅದಕ್ಕೇ ಪೇಂಟರಿಗೆ ಒಳಗೊಳಗೇ ನಡುಕ.

ಅಂಗಡಿಯವನು ಮೊದಲು ಟಿವಿ ಕೆಳಗಿಡುವ ಉದ್ದನೆಯ ಸೌಂಡ್‌ಬಾರ್ ಹಾಕಿದ. ಹೆಬ್ಬೆರಳಿನ ಆಚೆಯಿಂದ ಎಲ್ಲ ಗುಜುಗುಜು ಅಂತಷ್ಟೇ ಕೇಳಿಸಿತು. ಆಮೇಲೆ ಒಂದು ದೈತ್ಯ ಪೆಟ್ಟಿಗೆಯನ್ನು ಗುಡುಗಿಸಿ, "ನೋಡಿ ಸಾರ್, ಗೋಡೆನೇ ಅಲ್ಲಾಡುತ್ತೆ!" ಎಂದ.

"ಗೋಡೆ ಅಲ್ಲಾಡಿದ್ರೆ ಬಣ್ಣ ಉದುರುತ್ತೆ, ಮತ್ತೆ ಬಳಿಯೋನು ನಾನೇ. ಮಾತು ಕೇಳಿಸೋದು ಕೊಡಿ ಸ್ವಾಮಿ. ಬೆಲೆ ಹೇಳುವಾಗ ನನ್ನ ಮುಖ ನೋಡ್ಕೊಂಡು ಹೇಳಿ."

ಅಂಗಡಿಯವನು ಮುಖ ನೋಡಿದ. ನೋಡಿ, ಮೂಲೆಯಲ್ಲಿ ಗಿರಾಕಿಗಳಿಗೆ ತೋರಿಸಲೆಂದು ಇಟ್ಟಿದ್ದ ಹಳೆಯ ಸೆಟ್ಟೊಂದನ್ನು ಎಳೆದ. ಪಕ್ಕದಲ್ಲಿ ಗೀರು ಬಿದ್ದಿತ್ತು, ಅದಕ್ಕೇ ಅಗ್ಗ. ಮುಂದೆ ಮೂರು ಪೆಟ್ಟಿಗೆ, ಹಿಂದೆ ಎರಡು, ಎಲ್ಲಕ್ಕೂ ಸದ್ದು ಹಂಚುವ ಯಂತ್ರ ಒಂದು. "ಮುಂದಿನ ಮೂರರಲ್ಲಿ ಮಧ್ಯದ್ದು ಇದೆಯಲ್ಲ, ಸಿನಿಮಾದ ಮಾತೆಲ್ಲ ಅದರಿಂದಲೇ ಬರೋದು. ಅದೊಂದನ್ನೇ ಬೇಕಾದ್ರೆ ಜೋರು ಮಾಡ್ಕೋಬಹುದು."

ಹೆಬ್ಬೆರಳು ಇದ್ದ ಹಾಗೇ ಇತ್ತು. ಆದರೂ ಮಾತು ಒಂದೊಂದೂ ಬಿಡಿಬಿಡಿಯಾಗಿ ಕಿವಿಗೆ ಬಿತ್ತು. ಪೇಂಟರು ಹತ್ತಿ ಕಿತ್ತು ಬಿಸಾಕಿದ. "ಕಟ್ಟಿಕೊಡಿ!"

"ಜೋಡಿಸೋದು ಮಕ್ಕಳಾಟ ಸಾರ್. ವೈರಿನ ತುದಿಗೆ ಬಣ್ಣದ ಬಳೆ ಇದೆ. ಯಾವ ಬಣ್ಣವೋ ಯಂತ್ರದ ಹಿಂದೆ ಅದೇ ಬಣ್ಣದ ತೂತಿಗೆ ಹಾಕಿದ್ರಾಯ್ತು."

"ಬಣ್ಣದ ವಿಷಯ ನನಗೆ ಹೇಳಿಕೊಡ್ತೀರಾ?" ಎಂದು ನಗುತ್ತಾ ಪೇಂಟರು ಪೆಟ್ಟಿಗೆ ಹೊತ್ತ. ಅಲ್ಲೇ ಎಡವಿದ್ದು ನೋಡಿ ಆಸಾಮಿ.

ಮನೆಗೆ ಬಂದು ವೈರು ಬಿಚ್ಚಿದವನಿಗೆ ಕಣ್ಣುರಿ ಶುರುವಾಯಿತು. ತಾನೇ ಕೈಯಾರೆ ಕೆನೆ ಬಣ್ಣ ಬಳಿದ ಗೋಡೆ, ಅದರ ಮೇಲೆ ಕಪ್ಪು ವೈರು ಹರಿದಾಡುವುದೇ? ಯಾರಾದರೂ ನೋಡಿದರೆ ಕಸುಬಿನ ಮಾನ ಏನಾಗಬೇಕು! ತಗೋ, ಉಳಿದಿದ್ದ ಬಣ್ಣದ ಡಬ್ಬಿ ತೆರೆದ, ಸಣ್ಣ ಬ್ರಷ್ ಹಿಡಿದ. ಪಿನ್ನಿನ ಲೋಹಕ್ಕೆ ಬಣ್ಣ ತಾಗಬಾರದೆಂದು ನೀಟಾಗಿ ಟೇಪು ಸುತ್ತಿದ, ಅಷ್ಟು ಜಾಣ. ಸುತ್ತಿ, ವೈರಿಗೂ ತುದಿಯ ಪ್ಲಾಸ್ಟಿಕ್ ಬಳೆಗೂ ಕೆನೆ ಬಣ್ಣ ಬಳಿದ. ಎರಡು ಕೋಟು! ಗೋಡೆ ಯಾವುದು ವೈರು ಯಾವುದು ಗೊತ್ತೇ ಆಗದಂತೆ ಕೂತಿತು ನೋಡಿ, ಅವನ ಎದೆ ಉಬ್ಬಿತು.

ಭಾನುವಾರ ಮಧ್ಯಾಹ್ನ ಜೋಡಿಸಲು ಕೂತ. ಹಿಂದಿನ ಎರಡು ಪೆಟ್ಟಿಗೆಯ ವೈರು ಇನ್ನೂ ಒಣಗಿರಲಿಲ್ಲ, ನಾಳೆ ನೋಡಿದರಾಯಿತು ಎಂದು ಬದಿಗಿಟ್ಟ. ಮುಂದಿನ ಮೂರರ ತುದಿ ಹಿಡಿದು ಯಂತ್ರದ ಬೆನ್ನು ನೋಡಿದ. ಅಲ್ಲಿ ಕೆಂಪು, ಬಿಳಿ, ಹಸಿರು, ನೀಲಿ, ಬೂದು ತೂತುಗಳು. ಕೈಯಲ್ಲಿ ಕೆನೆ, ಕೆನೆ, ಕೆನೆ. ನಾಲಿಗೆ ಕಚ್ಚಿಕೊಂಡ. ತೂತಿನ ಪಕ್ಕದ ಅಕ್ಷರ ಇರುವೆ ಸಾಲಿನಷ್ಟು ಸಣ್ಣ. ಹೆಂಡತಿ ಆಗಲೇ ಸೀರೆ ಸರಿಮಾಡಿಕೊಂಡು ಬಂದು ಕುರ್ಚಿಯ ತುದಿಯಲ್ಲಿ ಕೂತಿದ್ದಳು, ಪಕ್ಕದಲ್ಲಿ ಅವನ ಅಮ್ಮ. ಆದದ್ದಾಗಲಿ ಎಂದು ತೋಚಿದ ಮೂರು ತೂತಿಗೆ ಸಿಕ್ಕಿಸಿ ಸಿನಿಮಾ ಹಾಕಿಬಿಟ್ಟ.

ಸಂಗೀತ ಧುಮ್ಮಿಕ್ಕಿತು. ಬಾಗಿಲು ಢಬ್ ಎಂದಿತು, ಕಾರು ಕೀರ್ ಎಂದು ನಿಂತಿತು. ಹೆಂಡತಿಯ ಮುಖ ಅರಳಿತು. "ಎಲ್ಲಾ ಕೇಳಿಸ್ತಿದೆ ರೀ!"

ಪರದೆಯ ಮೇಲೆ ಒಬ್ಬ ಕಾರಿನಿಂದಿಳಿದು ಒಬ್ಬಳ ಎದುರು ನಿಂತು ಮಾತಾಡತೊಡಗಿದ. ಬಾಯಿ ಆಡುತ್ತಿತ್ತು, ಒಂದಕ್ಷರ ಹೊರಬರಲಿಲ್ಲ. ಪೇಂಟರು ಕಿವಿಗೆ ಬೆರಳು ಹಾಕಿ ಅಲ್ಲಾಡಿಸಿಕೊಂಡ. ಇದೇನು, ತನಗೂ ಕಿವಿ ಹೋಯಿತೇ? ಅಮ್ಮನ ಕಡೆ ನೋಡಿದರೆ ಅವಳು ಎಲ್ಲ ಅರ್ಥವಾದವಳಂತೆ ತಲೆದೂಗುತ್ತಿದ್ದಾಳೆ!

ಹೆಂಡತಿ ಎಷ್ಟೋ ದಿನದ ಮೇಲೆ ಅವನ ಮೊಣಕೈ ತಿವಿದಳು. "ಏನಂದ?"

"ನಾಳೆ ಬರ್ತೀನಿ ಅಂದ." ಬಾಯಿಗೆ ಬಂದದ್ದನ್ನು ಅಂದುಬಿಟ್ಟ.

ಅಷ್ಟರಲ್ಲಿ ಪರದೆಯ ಮೇಲಿನವಳು ಎದುರಿನವನ ಕಪಾಳಕ್ಕೆ ಬಾರಿಸಿದಳು. ಏಟು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

"ನಾಳೆ ಬರ್ತೀನಿ ಅಂದ್ರೆ ಹೊಡೀತಾಳಾ?"

"ನಿನ್ನೆನೇ ಬರಬೇಕಿತ್ತಂತೆ."

ಅವಳು ನಗಲಿಲ್ಲ. ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದಳು. ಬಾಯಿಗಳು ಆಡುತ್ತಲೇ ಇದ್ದವು. ಆಮೇಲೆ ಎದ್ದು ನಿಂತಳು. "ಬಾಗಿಲು ಕೇಳಿಸುತ್ತೆ, ಏಟು ಕೇಳಿಸುತ್ತೆ. ಮನುಷ್ಯರ ಮಾತು ಒಂದೇ ಒಂದು ಅಕ್ಷರ ಕೇಳಿಸಲ್ಲ ನನಗೆ. ಮುಗೀತು ರೀ. ಉಳಿದಿದ್ದೂ ಹೋಯ್ತು." ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಹೋದಳು.

ಪೇಂಟರು ಹಣೆ ಚಚ್ಚಿಕೊಂಡ. ಎಂಥಾ ಕೆಲಸ ಮಾಡಿದೆನಲ್ಲ! ಅಮ್ಮನ ಕಡೆ ತಿರುಗಿದ. "ಅಮ್ಮಾ, ನಿಜ ಹೇಳು. ಅವನು ಏನಂದ?"

"ಯಾರಿಗೆ ಗೊತ್ತೋ!" ಅಮ್ಮ ಸಿಡುಕಿದಳು. "ನನಗೆ ವಯಸ್ಸಾಯ್ತು, ಕಿವಿ ಹೋಯ್ತು ಅಂದ್ಕೊಂಡೆ. ಹೇಳಿದ್ರೆ ನನ್ನನ್ನೂ ಡಾಕ್ಟರ ಹತ್ರ ಎಳ್ಕೊಂಡು ಹೋಗ್ತೀಯ ಅಂತ ಸುಮ್ನೆ ತಲೆ ಆಡಿಸ್ತಿದ್ದೆ."

ಅವನು ಒಂದೇ ನೆಗೆತಕ್ಕೆ ಅಡುಗೆಮನೆ ಬಾಗಿಲಲ್ಲಿದ್ದ. ಹೆಂಡತಿಯ ಎಡಗಡೆ ನಿಂತು, "ನನಗೂ ಕೇಳಿಸಲಿಲ್ಲ ಕಣೇ! ಅಮ್ಮನಿಗೂ ಕೇಳಿಸಲಿಲ್ಲ! ನಾಳೆ ಬರ್ತೀನಿ ಅಂತ ಅವನು ಅನ್ನಲೇ ಇಲ್ಲ, ನಾನೇ ಬುರುಡೆ ಬಿಟ್ಟೆ" ಎಂದು ಒಂದೇ ಉಸಿರಿಗೆ ಹೇಳಿದ.

ಅವಳು ತಿರುಗಿದಳು. "ನನ್ನನ್ನ ಸಮಾಧಾನ ಮಾಡೋಕೆ ಹೇಳ್ತಿದ್ದೀರಿ."

"ನಿನ್ನಾಣೆ ಇಲ್ಲ. ಬಾ, ತೋರಿಸ್ತೀನಿ."

ಬಟ್ಟೆಗೆ ಟರ್ಪೆಂಟೈನ್ ಹಾಕಿ ನೆಲದ ಮೇಲೆ ಕೂತು ತುದಿಗಳನ್ನು ಉಜ್ಜತೊಡಗಿದ. ಅಮ್ಮ ಟಾರ್ಚ್ ಹಿಡಿದಳು. ಹೆಂಡತಿ ಬಾಗಿಲಿಗೆ ಒರಗಿ ನಿಂತು ನೋಡಿದಳು, ಹತ್ತಿರ ಬರಲಿಲ್ಲ. ಒಂದು ತುದಿಯಲ್ಲಿ ಕೆಂಪು ಕಂಡಿತು, ಇನ್ನೊಂದರಲ್ಲಿ ಬಿಳಿ. ಮಧ್ಯದ ಪೆಟ್ಟಿಗೆಯ ತುದಿ ಉಜ್ಜಿದಾಗ ಹಸಿರು. ಯಂತ್ರದ ಬೆನ್ನು ನೋಡಿದರೆ ಹಸಿರು ತೂತು ಖಾಲಿ ಬಿದ್ದಿತ್ತು! ಮಾತೆಲ್ಲ ಅಲ್ಲಿಗೆ ಬಂದು ದಾರಿ ಕಾಣದೆ ಕೂತಿತ್ತು.

"ಗೋಡೆಗೆ ಬಳಿ ಅಂದ್ರೆ ಮಾತಿಗೂ ಬಣ್ಣ ಬಳಿದಿದ್ದೀಯಲ್ಲೋ" ಎಂದಳು ಅಮ್ಮ.

ಮೂರನ್ನೂ ಅದರದರ ತೂತಿಗೆ ಸಿಕ್ಕಿಸಿದ. ಯಾವುದಕ್ಕೂ ಇರಲಿ ಎಂದು ಮಧ್ಯದ ಪೆಟ್ಟಿಗೆಯ ಸದ್ದನ್ನು ತುದಿಮುಟ್ಟ ಏರಿಸಿ ಸಿನಿಮಾ ಹಚ್ಚಿದ. ಹೆಂಡತಿಯ ಮುಖ ನೋಡಲು ಧೈರ್ಯ ಸಾಲದೆ ಪರದೆಗೂ ಬೆನ್ನು ಹಾಕಿ, ಅವಳಿಗೂ ಬೆನ್ನು ಹಾಕಿ, ಗೋಡೆ ನೋಡುತ್ತಾ ಕೂತ.

ಮಾತು ಬಂತು, ಕೋಣೆ ತುಂಬುವಷ್ಟು. ಹಿಂದೆ ಯಾರೋ ನಡೆದು ಬಂದು ಕುರ್ಚಿಯಲ್ಲಿ ಕೂತ ಸದ್ದಾಯಿತು. ಆಮೇಲೆ ಎಷ್ಟು ಹೊತ್ತಾದರೂ ಯಾರೂ ಅವನ ಮೊಣಕೈ ತಿವಿಯಲಿಲ್ಲ.

"ರೀ," ಹೆಂಡತಿಯ ದನಿ. "ಸ್ವಲ್ಪ ಕಮ್ಮಿ ಮಾಡಿ. ಏನು ಹಾಗೆ ಕಿರುಚ್ಕೋತಾರೆ, ತಲೆನೋವು ಬರುತ್ತೆ."

ಪೇಂಟರಿಗೆ ಹೋದ ಜೀವ ಬಂದಂತಾಯಿತು. ರಿಮೋಟ್ ಕೈಯಲ್ಲೇ ಇತ್ತು, ಕಣ್ಣು ತುಂಬಿ ಗುಂಡಿಯೇ ಕಾಣುತ್ತಿರಲಿಲ್ಲ.

"ಕಮ್ಮಿ ಮಾಡಿ ಅಂದೆ. ಕೇಳಿಸಲಿಲ್ವಾ ನಿಮಗೆ?"

"ಕೇಳಿಸ್ತು ಕಣೇ," ಎಂದ ಅವನು, "ಕೇಳಿಸ್ತು."